ಸೂಜಿಗೂ ಜಾತಿ ಇತ್ತು



"ಲೈನ್ ಮನೆ ಜನಕ್ಕೆ ತಿಳುವಳಿಕೆ ಕಮ್ಮಿ, ಅದಕ್ಕೇ ಸೂಜಿಗೆ ಹೆದರ್ತಾರೆ." 2021ರಲ್ಲಿ ನಮ್ಮ ವನಗೂರು ಕಡೆ ಈ ಮಾತು ಬೇಕಾದಷ್ಟು ಸಲ ಕೇಳಿದ್ದೀನಿ. ಈಗಲೂ ಕೇಳ್ತಾ ಇದ್ದೀನಿ. ಹಾಗಾದರೆ ಈ ದೇಶದಲ್ಲಿ ಲಸಿಕೆಗೆ ಮೊದಲು ಮೂಗು ಮುರಿದವರು ಯಾರು ಅಂತ ಸ್ವಲ್ಪ ನೋಡೋಣ.

ಸಿಡುಬಿನ ಲಸಿಕೆ ಬಾಗ್ದಾದ್, ಬಸ್ರಾ ದಾಟಿ 1802ರಲ್ಲಿ ಬೊಂಬಾಯಿಗೆ ಬಂತು. ಜೂನ್ 14ರಂದು ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗುವಿಗೆ ಹಾಕಿದರು. ಆಗ ಫ್ರಿಜ್ ಇಲ್ಲ, ಬಾಟಲಿ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯನ್ನು ವಾರದ ಮೇಲೆ ಒಡೆದು, ಆ ಕೀವನ್ನು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕಿತ್ತು. ಹೀಗೆ ತೋಳಿನಿಂದ ತೋಳಿಗೆ ಲಸಿಕೆ ದೇಶ ಸುತ್ತಿತು. ಅದನ್ನು ಹೊತ್ತವರಲ್ಲಿ ಬಡವರ, ಅನಾಥರ, 'ಕೆಳಜಾತಿ' ಅನ್ನಿಸಿಕೊಂಡವರ ಮಕ್ಕಳೇ ಬಹಳ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಮೇಲ್ಜಾತಿಯವರು ತಕರಾರು ತೆಗೆದದ್ದು ಇಲ್ಲೇ: ಆ ತೋಳಿನ ಕೀವು ನಮ್ಮ ಮಗುವಿನ ಮೈಗೆ ಸೇರಬಾರದು! ಅದು ಮಡಿ. ನಮ್ಮವರು ಹೆದರಿದರೆ ಮಾತ್ರ ಅಜ್ಞಾನ.

ಅದೇ ಕಾಲದ, 1805ರ ಹೊತ್ತಿನ ಒಂದು ಚಿತ್ರ ಇದೆ. ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ಮೂರು ಹೆಂಗಸರು, ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸ್ತಾಳೆ. ಇವರು ಮೈಸೂರು ಅರಮನೆಯ ರಾಣಿಯರು, ಇದು ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಓದಿದ್ದಾರೆ. ರಾಣಿಯ ತೋಳು ಚಿತ್ರವಾಯಿತು. ಲಸಿಕೆ ಹೊತ್ತ ಕೂಸಿನ ತೋಳು ಆಗಲಿಲ್ಲ.

ನಮ್ಮ ಭಯಕ್ಕೂ ಒಂದು ಚರಿತ್ರೆ ಇದೆ. 1897ರಲ್ಲಿ ಪುಣೆಯ ಪ್ಲೇಗು ಹೊತ್ತಲ್ಲಿ ಸರ್ಕಾರ ಸೈನಿಕರನ್ನು ಮನೆಯೊಳಗೆ ನುಗ್ಗಿಸಿತು. ಅದೇ ವರ್ಷ ಸಾವಿತ್ರಿಬಾಯಿ ಫುಲೆ ಪ್ಲೇಗು ತಗುಲಿದ ದಲಿತ ಮಗುವನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಸೋಂಕು ಅಂಟಿ ಮಾರ್ಚ್ 10ರಂದು ತೀರಿಕೊಂಡರು. ಜನರ ನಂಬಿಕೆ ಯಾರ ಕಡೆ ವಾಲುತ್ತೆ ನೀವೇ ಹೇಳಿ.

ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಒತ್ತಾಯಕ್ಕೆ ಹೆಚ್ಚು ಸಿಕ್ಕವರು ಬಡವರು. "ಕೊರೊನಾ ಸೂಜಿ ಹಾಕಿಸಿದ್ರೆ ಮಕ್ಕಳಾಗಲ್ಲ" ಅನ್ನೋದು ಸುಳ್ಳೇ. ಆದರೆ ಆ ಸುಳ್ಳು ಬೇರು ಬಿಟ್ಟ ನೆಲ ಇದು.

ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಪೆನಿಸಿಲಿನ್ ಬಂದ ಮೇಲೂ, ನೂರಾರು ಕಪ್ಪು ಜನರ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ಸರ್ಕಾರವೇ ನೋಡ್ತಾ ಕೂತಿತ್ತು. ಅದಕ್ಕೇ ಕೊರೊನಾ ಕಾಲದಲ್ಲಿ ಅಲ್ಲಿ ಕಪ್ಪು ಜನರ ಚರ್ಚುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಮಾತುಕತೆ ಶುರು ಮಾಡಿದರು. ಲ್ಯಾಟಿನೋ ಕೇರಿಗಳಲ್ಲಿ ಅವರದೇ ಭಾಷೆಯ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆ ಹತ್ತಿದರು. ತಮ್ಮವರು ಹೇಳಿದರೆ ಜನ ಕೇಳ್ತಾರೆ.

ಇಲ್ಲಿ ಏನಾಯ್ತು? 2021ರ ಮೇ 1ರಿಂದ 18–44ರವರಿಗೆ ಲಸಿಕೆ ಅಂದರು. ಆದರೆ ಮೊದಲು ಕೋವಿನ್‌ನಲ್ಲಿ ನೋಂದಣಿ ಮಾಡಬೇಕು, ಅದೂ ಆಗ ಇಂಗ್ಲಿಷಿನಲ್ಲಿ. ಗುಡ್ಡದ ಮೇಲೆ ಸಿಗ್ನಲ್ ಹುಡುಕೋ ಕೂಲಿಯವನಿಗೆ ಓಟಿಪಿ! ಸುಪ್ರೀಂ ಕೋರ್ಟೇ ಈ ಡಿಜಿಟಲ್ ಕಂದಕದ ಬಗ್ಗೆ ಪ್ರಶ್ನೆ ಎತ್ತಬೇಕಾಯಿತು. ಕಂದಕ ದಾಟಿಸಿದ್ದು ಆಶಾ ಅಕ್ಕಂದಿರು. ಅವರಿಗೆ ಕೊಡೋದು ಸಂಬಳ ಅಲ್ಲ, 'ಗೌರವಧನ'.

ನಾನು ಲಸಿಕೆ ಪರ. ಸಿಡುಬು ಭೂಮಿಯಿಂದ ಹೋಗಿದ್ದು ಲಸಿಕೆಯಿಂದ. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅನ್ನಿಸಿಕೊಂಡಿದ್ದೂ ಅದರಿಂದಲೇ. ಲಸಿಕೆ ತಪ್ಪಿದರೆ ಮೊದಲು ಸಾಯೋರು ನಮ್ಮವರೇ. ಅದಕ್ಕೇ ಕೇಳ್ತಿದ್ದೀನಿ: ಸೂಜಿ ಹಾಕಿಸಿಕೊಂಡು ಜ್ವರ ಬಂದರೆ ಮಾರನೇ ದಿನದ ಕೂಲಿ ಕೊಡಿ. ತೋಟದ ಕೆಲಸ ಮುಗಿದ ಮೇಲೆ, ಸಂಜೆ ಹೊತ್ತು, ಲೈನಿಗೇ ಬನ್ನಿ. ಯಾವ ಔಷಧಿ, ಏನಾಗಬಹುದು ಅಂತ ಕನ್ನಡದಲ್ಲಿ ಬಿಡಿಸಿ ಹೇಳಿ. ಹಾಕಿ ಹೋದವರು ನಾಳೆಯೂ ಬಂದು "ಹೆಂಗಿದ್ದೀಯವ್ವ" ಅಂತ ಕೇಳಿ. ಆಶಾ ಅಕ್ಕಂದಿರಿಗೆ ಸಂಬಳ ಕೊಡಿ.

ಕೇರಿಯೊಳಗೆ ನೀರು ಕುಡಿಯದವರು ಸೂಜಿ ಹಿಡಿದು ಬಂದರೆ ನಂಬೋದು ಹೆಂಗೆ? ಮೊದಲು ಕೂತು ನೀರು ಕುಡೀರಿ. ತೋಳು ನಾವೇ ಚಾಚ್ತೀವಿ.

ಜೈ ಭೀಮ್. ಜೈ ಸಾವಿತ್ರಿಬಾಯಿ.