ಹೆಸರು ಉಳಿಯಿತು, ಕೆಲಸ ಬದಲಾಯಿತು

ಮನೆಗೆ ಹೈ–ಫೈ ಸಂಗೀತ ವ್ಯವಸ್ಥೆ ಕೊಳ್ಳಹೊರಟವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಸ್ಪೀಕರುಗಳನ್ನು ನುಡಿಸಲು ಪವರ್ ಆಂಪ್ಲಿಫೈಯರ್ ಇದ್ದೇ ಇದೆ. ಅದರ ಹಿಂದೆ ಪ್ರೀಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆ ಏಕೆ? ಅದಕ್ಕೂ ಹಣ ತೆರಬೇಕಷ್ಟೆ. ಈ ಪೆಟ್ಟಿಗೆ ಹುಟ್ಟಿದ್ದೇಕೆ ಎಂದು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ.

ಅದನ್ನು ಅನಿವಾರ್ಯವಾಗಿಸಿದ್ದು ಗ್ರಾಮಫೋನ್ ತಟ್ಟೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ಎಲ್‌ಪಿ ತಟ್ಟೆಯನ್ನು ಹೊರತಂದಿತು. ಅದರ ಗೀರುಗಳು ಬಹು ಸೂಕ್ಷ್ಮ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಪಿಕಪ್‌ನಿಂದ ಹೊರಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಪವರ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯಿಂದ ದುಡಿಯಲು ಸಾಮಾನ್ಯವಾಗಿ 1ರಿಂದ 2 ವೋಲ್ಟ್ ಬೇಕು. ನೂರಾರು ಪಟ್ಟಿನ ಈ ಅಂತರವನ್ನು ತುಂಬುವುದು ಪ್ರೀಆಂಪ್ಲಿಫೈಯರಿನ ಮೊದಲ ಕೆಲಸವಾಯಿತು.

ಎರಡನೆಯ ಕೆಲಸವೂ ಇತ್ತು. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ಆದ್ದರಿಂದ ಮುದ್ರಿಸುವಾಗ ಮಂದ್ರವನ್ನು ತಗ್ಗಿಸಿ, ತಟ್ಟೆಯ ಗೊರಗೊರ ಕೇಳದಿರಲೆಂದು ತಾರವನ್ನು ಏರಿಸುತ್ತಿದ್ದರು. ಕೇಳುವಾಗ ಇದನ್ನು ತಿರುಗುಮುರುಗು ಮಾಡಬೇಕು. ಮೊದಮೊದಲು ಒಂದೊಂದು ಕಂಪೆನಿಯದು ಒಂದೊಂದು ಲೆಕ್ಕ. 1954ರಲ್ಲಿ ಅಮೆರಿಕದ ಆರ್‌ಐಎಎ ಸಂಸ್ಥೆ ಒಂದೇ ಮಾನಕವನ್ನು ಗೊತ್ತುಮಾಡಿತು.

ಇಂಗ್ಲೆಂಡಿನಲ್ಲಿ ಪೀಟರ್ ವಾಕರ್ 1953ರ ಹೊತ್ತಿಗೆ ಕ್ವಾಡ್–2 ಎಂಬ ವಾಲ್ವ್ ಪವರ್ ಆಂಪ್ಲಿಫೈಯರನ್ನು ತಂದರು. ಅದರ ಜೊತೆಗಾರ ಪೆಟ್ಟಿಗೆಗೆ ಅವರಿಟ್ಟ ಹೆಸರು ‘ಕಂಟ್ರೋಲ್ ಯೂನಿಟ್’. ಬಿಸಿಯಾಗುವ ಯಂತ್ರ ಕಣ್ಣಿಗೆ ಬೀಳದ ಮೂಲೆಯಲ್ಲಿ, ಗುಂಡಿಗಳ ಪೆಟ್ಟಿಗೆ ಕೈಗೆಟಕುವಲ್ಲಿ. ವರ್ಧಿಸುವುದಷ್ಟೇ ಅಲ್ಲ, ನಿಯಂತ್ರಿಸುವುದೂ ಅದರ ಹೊಣೆ ಎಂಬುದನ್ನು ಆ ಹೆಸರೇ ಹೇಳುತ್ತದೆ.

1982ರಲ್ಲಿ ಜಪಾನಿನಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಸಿ.ಡಿ. ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಪವರ್ ಆಂಪ್ಲಿಫೈಯರಿಗೆ ಅಷ್ಟು ಸಾಕು, ಕೆಲವೊಮ್ಮೆ ಹೆಚ್ಚೇ. ಸ್ವರಗಳನ್ನು ತಿದ್ದುವ ಕೆಲಸವೂ ಇಲ್ಲ. ಇನ್ನುಳಿದದ್ದು ಎರಡು: ಯಾವುದನ್ನು ಕೇಳಬೇಕೆಂದು ಆರಿಸುವುದು, ಸದ್ದನ್ನು ತಗ್ಗಿಸುವುದು. ವರ್ಧಿಸಲು ಹುಟ್ಟಿದ ಯಂತ್ರ ತಗ್ಗಿಸುವ ಯಂತ್ರವಾಯಿತು!

ಇಂದು ಡಿಜಿಟಲ್ ಸಂಕೇತವನ್ನು ಸಂಗೀತವಾಗಿಸುವ ಅನೇಕ ಡಿಎಸಿಗಳಲ್ಲಿ ಸದ್ದಿನ ಗುಂಡಿಯೂ ಇರುತ್ತದೆ. ಅಂಥದನ್ನು ನೇರವಾಗಿ ಪವರ್ ಆಂಪ್ಲಿಫೈಯರಿಗೆ ಜೋಡಿಸಬಹುದು. ಆದರೆ ಎಚ್ಚರ ಬೇಕು. ಬರಿಯ 16 ಬಿಟ್ ಲೆಕ್ಕದಲ್ಲಿ ಸದ್ದು ಇಳಿಸಿದರೆ ಪ್ರತಿ 6 ಡೆಸಿಬಲ್‌ಗೆ ಒಂದು ಬಿಟ್‌ನಷ್ಟು ಸೂಕ್ಷ್ಮತೆ ಸೋರುತ್ತದೆ. 24 ಅಥವಾ 32 ಬಿಟ್‌ನವಕ್ಕೆ ಈ ಚಿಂತೆ ಕಡಿಮೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ತಂತ್ರಾಂಶ ಕೈಕೊಟ್ಟು ಪೂರ್ಣ ಸಂಕೇತ ಒಮ್ಮೆಲೇ ನುಗ್ಗಿದರೆ ಸ್ಪೀಕರುಗಳೇ ಸುಟ್ಟಾವು. ನಡುವೆ ಒಂದು ಗುಂಡಿ ಇದ್ದರೆ ಆ ಭಯವಿಲ್ಲ.

ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇರುವವರು ಇನ್ನೊಂದನ್ನು ಹುಡುಕಬೇಕಿಲ್ಲ. ಆ ಕೆಲಸ ಅದರ ಒಡಲಲ್ಲೇ ನಡೆಯುತ್ತದೆ. ಅಟ್ಟದಿಂದ ಎಲ್‌ಪಿಗಳನ್ನು ಇಳಿಸಿದವರಿಗೆ ಮಾತ್ರ ಹಳೆಯ ನಿಯಮವೇ: ಯಂತ್ರದಲ್ಲಿ ‘ಫೋನೋ’ ಎಂಬ ಕಿಂಡಿ ಇರಬೇಕು, ಇಲ್ಲವೇ ಆ ಕೆಲಸದ ಪುಟ್ಟ ಪೆಟ್ಟಿಗೆಯೊಂದನ್ನು ತರಬೇಕು. 5 ಮಿಲಿವೋಲ್ಟ್ ಇಂದಿಗೂ 5 ಮಿಲಿವೋಲ್ಟೇ.