ಅಪಾಚೆ ಹುಡುಗಿ ಯಾಕೆ ಸಾಯಬೇಕಿತ್ತು?

ಕೌಬಾಯ್ ಅಂದರೆ ನಮ್ಮಲ್ಲಿ ಅನೇಕರಿಗೆ ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ನೆನಪಾಗುತ್ತದೆ. ಆ ಟೋಪಿ, ಕುದುರೆ, ಪಿಸ್ತೂಲು ಎಲ್ಲ ಬಂದದ್ದು ಅಮೆರಿಕದ ಸಿನಿಮಾಗಳಿಂದ. ಬಿಳಿಯರು ಪಶ್ಚಿಮಕ್ಕೆ ಸರಿಯುತ್ತ, ಮೂಲನಿವಾಸಿಗಳ ನೆಲ ಕಿತ್ತುಕೊಳ್ಳುತ್ತ ಹೋದ ಕಾಲದ ಕಥೆಗಳವು. ಗುಂಡಿನ ಸದ್ದಿನ ನಡುವೆ ಒಂದು ಪ್ರೇಮಕಥೆಯೂ ಇರುತ್ತಿತ್ತು. ಅದರಲ್ಲಿ ಆ ನೆಲದವರಿಗೆ ಸಿಕ್ಕ ಪಾಲೆಷ್ಟು?

1950ರ ‘ಬ್ರೋಕನ್ ಆ್ಯರೋ’ ಚಿತ್ರವನ್ನೇ ನೋಡೋಣ. ಅಪಾಚೆ ಜನರನ್ನು ರಾಕ್ಷಸರಂತಲ್ಲ, ಮನುಷ್ಯರಂತೆ ತೋರಿಸಿತು ಅಂತ ಹೆಸರು ಪಡೆದ ಚಿತ್ರ ಅದು. ಹೊಗಳಿಕೆ ಸುಳ್ಳಲ್ಲ. ಆದರೆ ಅಪಾಚೆ ನಾಯಕ ಕೋಚೀಸ್‌ನ ಪಾತ್ರ ಮಾಡಿದವರು ನ್ಯೂಯಾರ್ಕಿನ ಯಹೂದಿ ನಟ ಜೆಫ್ ಚಾಂಡ್ಲರ್. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಮೊಹಾಕ್ ಬುಡಕಟ್ಟಿನ ನಿಜವಾದ ಮೂಲನಿವಾಸಿ ನಟ ಜೇ ಸಿಲ್ವರ್‌ಹೀಲ್ಸ್‌ಗೆ ಸಿಕ್ಕಿದ್ದು ಶಾಂತಿ ಒಪ್ಪದೆ ಎದ್ದು ಹೋಗುವ ಜೆರೊನಿಮೋ. ಒಳ್ಳೆಯವನ ಪಾತ್ರ ಬಿಳಿಯನಿಗೆ, ಹಟಮಾರಿಯ ಪಾತ್ರ ಬುಡಕಟ್ಟಿನವನಿಗೆ! ಅಪಾಚೆಗಳು ಮಾತಾಡುವುದೂ ಇಂಗ್ಲಿಷ್. ಹಾಗಂತ ನಾಯಕನೇ ಚಿತ್ರದ ಮೊದಲಿಗೆ ಹೇಳಿಬಿಡುತ್ತಾನೆ.

ನಾಯಕ ಟಾಮ್ ಜೆಫರ್ಡ್ಸ್ ಆಗಿ ನಟಿಸಿದ್ದು ಜೇಮ್ಸ್ ಸ್ಟೀವರ್ಟ್. ಅವರಿಗಾಗಲೇ ನಲವತ್ತು ದಾಟಿತ್ತು. ಅವನು ಮದುವೆಯಾಗುವ ಅಪಾಚೆ ಹುಡುಗಿ ಸೋನ್‌ಸೀಆರೇ ಪಾತ್ರದಲ್ಲಿ ಇನ್ನೂ ಹದಿಹರೆಯದ ಬಿಳಿ ನಟಿ ಡೆಬ್ರಾ ಪೇಜೆಟ್. ಮದುವೆಯೇನೋ ಆಗುತ್ತದೆ, ಸಂಸಾರ ನಡೆಯುವುದಿಲ್ಲ. ಒಪ್ಪಂದ ಮುರಿದ ಬಿಳಿಯರ ಗುಂಡಿಗೆ ಹುಡುಗಿ ಸಾಯುತ್ತಾಳೆ. ಅವಳ ಸಾವಿನಿಂದಲೇ ಶಾಂತಿ ಗಟ್ಟಿಯಾಯಿತು ಅಂದುಕೊಂಡು ನಾಯಕ ಕುದುರೆ ಏರಿ ಹೊರಡುತ್ತಾನೆ. ಅವಳು ಬದುಕಿದ್ದರೆ ಅವರಿಬ್ಬರೂ ಎಲ್ಲಿ ಮನೆ ಮಾಡುತ್ತಿದ್ದರು, ಮಕ್ಕಳು ಯಾರ ಕಡೆಯವರಾಗುತ್ತಿದ್ದರು ಅಂತ ತೋರಿಸಬೇಕಾಗುತ್ತಿತ್ತು. ಹುಡುಗಿಯನ್ನು ಕೊಂದು ಕಥೆಗಾರರು ಆ ತಾಪತ್ರಯದಿಂದ ಪಾರಾದರು ಅಂತಲೇ ನಮಗನಿಸುತ್ತದೆ.

ಜೆಫರ್ಡ್ಸ್ ಮತ್ತು ಕೋಚೀಸ್ ಸ್ನೇಹ ಇತಿಹಾಸದಲ್ಲಿ ನಡೆದದ್ದೇ. ಮದುವೆ ಮಾತ್ರ ಎಲಿಯಟ್ ಆರ್ನಾಲ್ಡ್ 1947ರಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. 1872ರಲ್ಲಿ ಜನರಲ್ ಹೋವರ್ಡ್ ಜೊತೆ ಒಪ್ಪಂದವಾಯಿತು. ಕೋಚೀಸ್‌ನ ಜನರಿಗೆ ಅವರದೇ ಬೆಟ್ಟಗುಡ್ಡಗಳ ನೆಲ ಉಳಿಯಿತು, ಜೆಫರ್ಡ್ಸ್ ಅಲ್ಲಿನ ಸರ್ಕಾರಿ ಏಜೆಂಟ್ ಆದ. 1874ರಲ್ಲಿ ಕೋಚೀಸ್ ತೀರಿಕೊಂಡ. ಎರಡೇ ವರ್ಷಕ್ಕೆ, 1876ರಲ್ಲಿ, ಸರ್ಕಾರ ಆ ಮೀಸಲು ನೆಲವನ್ನು ರದ್ದು ಮಾಡಿತು. ಜನರನ್ನು ಸ್ಯಾನ್ ಕಾರ್ಲೋಸ್‌ಗೆ ಸಾಗಿಸಲು ಹೊರಟಿತು. ಹೋದವರು ಹೋದರು, ಜೆರೊನಿಮೋನಂಥವರು ತಪ್ಪಿಸಿಕೊಂಡರು. ಸಿನಿಮಾದಲ್ಲಿ ಹಟಮಾರಿಯಂತೆ ಕಂಡವನ ಅನುಮಾನ ನಿಜವಾಗಿತ್ತು. ಚಿತ್ರ ಅಷ್ಟು ದೂರ ಹೋಗುವುದಿಲ್ಲ.

ನಲವತ್ತು ವರ್ಷ ಕಳೆದು, 1990ರಲ್ಲಿ ‘ಡ್ಯಾನ್ಸಸ್ ವಿತ್ ವುಲ್ವ್ಸ್’ ಬಂತು. ಏಳು ಆಸ್ಕರ್ ಗೆದ್ದಿತು. ಈ ಸಲ ಬುಡಕಟ್ಟಿನವರ ಪಾತ್ರಗಳಲ್ಲಿ ಮೂಲನಿವಾಸಿ ಕಲಾವಿದರೇ ಇದ್ದರು. ಲಕೋಟಾ ಭಾಷೆಯ ಮಾತು ಪರದೆ ಮೇಲೆ ಕೇಳಿತು. ನಾಯಕಿಯೂ ಸಾಯಲಿಲ್ಲ. ಆದರೆ ಅವಳು ಯಾರು ಗೊತ್ತೇ? ಚಿಕ್ಕಂದಿನಿಂದ ಲಕೋಟಾ ಜನರ ನಡುವೆ ಬೆಳೆದ ಬಿಳಿಯರ ಹುಡುಗಿ.