ಜೂಲಿಯೆಟ್ ಬದುಕಿದ್ದ ಕಥೆ

ಬ್ಯಾಲೆ ಅಂದ್ರೆ ತುದಿಗಾಲಲ್ಲಿ ನಿಂತು ಗಿರಗಿರ ಸುತ್ತೋದು ಅಂತಷ್ಟೇ ಗೊತ್ತಿದ್ದ ಬಿ.ಕಾಂ. ಪ್ರಾಣಿ ನಾನು. ಮುಂಬೈಯಲ್ಲಿ ಇಷ್ಟು ವರ್ಷ ಇದ್ದರೂ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕನ್ನಡ ನಾಟಕ ಬಿಟ್ಟು ಆಚೆ ಹೋದವನಲ್ಲ. ಒಂದು ಭಾನುವಾರ ಮಧ್ಯಾಹ್ನ ಗೆಳೆಯರ ಒತ್ತಾಯಕ್ಕೆ 1955ರ ಸೋವಿಯತ್ ಚಿತ್ರ 'ರೋಮಿಯೋ ಮತ್ತು ಜೂಲಿಯೆಟ್' ನೋಡಿದೆ. ಜೂಲಿಯೆಟ್ ಆಗಿ ಕುಣಿದ ಗಲೀನಾ ಉಲಾನೋವಾ ಹುಟ್ಟಿದ್ದು 1910ರಲ್ಲಿ. ಲೆಕ್ಕ ಹಾಕಿ ನೋಡಿ! ಆದರೂ ಆಕೆ ಮೇಲುಹೊದಿಕೆ ಹಾರಿಸಿಕೊಂಡು ಪಾದ್ರಿಯ ಹತ್ತಿರ ಓಡುವಾಗ ಹದಿನಾಲ್ಕು ತುಂಬದ ಹುಡುಗಿಯೇ.

ಮನೆಗೆ ಬಂದು ಓದುತ್ತಾ ಹೋದರೆ ಇನ್ನೊಂದು ಕಥೆಯೇ ಸಿಕ್ಕಿತು. 1935ರಲ್ಲಿ ಪ್ರೊಕೊಫಿಯೆವ್ ಈ ಸಂಗೀತ ಬರೆದಾಗ ಕೊನೆಯಲ್ಲಿ ಯಾರೂ ಸಾಯೋದೇ ಇಲ್ಲ! ರೋಮಿಯೋ ಒಂದು ನಿಮಿಷ ಮುಂಚೆ ಬರುತ್ತಾನೆ, ಜೂಲಿಯೆಟ್ ಎದ್ದೇಳುತ್ತಾಳೆ. ಬದುಕಿದ್ದವರು ಕುಣಿಯಬಹುದು, ಮಲಗಿ ಸಾಯುವವರು ಹೇಗೆ ಕುಣಿದಾರು ಅನ್ನೋದು ಅವರ ವಾದ. ನಗಬೇಡಿ, ನಮ್ಮವರೂ ಹೀಗೆ ಮಾಡಿದ್ದುಂಟು. 19ನೇ ಶತಮಾನದ ಕೊನೆಯಲ್ಲಿ ಇದೇ ನಾಟಕ ಕನ್ನಡದಲ್ಲಿ 'ರಾಮವರ್ಮ ಲೀಲಾವತಿ' ಆದಾಗ ವಿಷ್ಣುವೇ ಬಂದು ಪ್ರೇಮಿಗಳನ್ನ ಬದುಕಿಸಿದ.

ಮಾಸ್ಕೋಗೆ ವಿಷ್ಣು ಬರಲಿಲ್ಲ. ಈ ಸಂಗೀತಕ್ಕೆ ಕುಣಿಯೋಕೇ ಆಗಲ್ಲ ಅಂತ ಬೊಲ್ಶಾಯ್‌ನವರು ಕೈಬಿಟ್ಟರು. 1936ರಲ್ಲಿ 'ಪ್ರಾವ್ದಾ' ಪತ್ರಿಕೆ ಶೊಸ್ತಕೋವಿಚ್ ಮೇಲೆ ಹರಿಹಾಯ್ದಿತ್ತು, ಎಲ್ಲರಿಗೂ ಹೆದರಿಕೆ. 1937ರಲ್ಲಿ ಈ ಬ್ಯಾಲೆಯನ್ನ ಒಪ್ಪಿಕೊಂಡಿದ್ದ ಬೊಲ್ಶಾಯ್ ಮುಖ್ಯಸ್ಥ ಮುತ್ನಿಖ್‌ನನ್ನೂ, ಕಥೆ ಹೆಣೆದವರಲ್ಲೊಬ್ಬರಾದ ಪಿಯೊತ್ರೊವ್‌ಸ್ಕಿಯನ್ನೂ ಬಂಧಿಸಿ ಗುಂಡಿಟ್ಟು ಕೊಂದರು. ಕಥೆಯೊಳಗೆ ಸಾಯದವರು ಕಥೆಯ ಹೊರಗೆ ಸತ್ತರು.

ಕೊನೆಗೆ ಮೊದಲ ಪ್ರದರ್ಶನ ಆಗಿದ್ದು 1938ರ ಡಿಸೆಂಬರ್ 30ರಂದು, ಅದೂ ಚೆಕೊಸ್ಲೊವಾಕಿಯಾದ ಬ್ರನೋದಲ್ಲಿ. ಲೆನಿನ್‌ಗ್ರಾಡ್ ನೋಡಿದ್ದು 1940ರ ಜನವರಿ 11ಕ್ಕೆ, ಲಾವ್ರೊವ್‌ಸ್ಕಿ ಸಂಯೋಜನೆಯಲ್ಲಿ. ಜೂಲಿಯೆಟ್ ಆಗಲೂ ಉಲಾನೋವಾನೇ. ಸಂಗೀತ ಕಿವಿಗೇ ಬೀಳಲ್ಲ ಅಂತ ಕಲಾವಿದರದು ಬೇರೆ ಗೊಣಗಾಟ. ಅಷ್ಟರಲ್ಲಿ ಪ್ರೊಕೊಫಿಯೆವ್ ಸಾವಿನ ಕೊನೆಯನ್ನೇ ಬರೆದುಕೊಟ್ಟಿದ್ದರು. ಹೆದರಿಯೇ ಬದಲಿಸಿದರು ಅನ್ನೋಕೆ ನನಗೆ ಮನಸ್ಸಿಲ್ಲ. ನಿಮ್ಮ ಸುಖಾಂತದ ಸಂಗೀತದಲ್ಲೂ ನಿಜವಾದ ಸಂತೋಷ ಇಲ್ಲವಲ್ಲ ಅಂತ ಯಾರೋ ಅಂದಾಗ, ಅದು ನಿಜ ಅನ್ನಿಸಿತು ಅಂತ ಅವರೇ ಬರೆದುಕೊಂಡಿದ್ದಾರೆ.

ಆ ಸುಖಾಂತದ ಪ್ರತಿ ಮಾಸ್ಕೋದ ದಾಖಲೆಗಳಲ್ಲೇ ಬಿದ್ದಿತ್ತು. 2008ರಲ್ಲಿ ಅಮೆರಿಕದ ಮಾರ್ಕ್ ಮಾರಿಸ್ ತಂಡ ಅದನ್ನ ರಂಗಕ್ಕೆ ತಂದಿತು.